ಐದು ಕಾಗದ, ಒಂದು ಸುಳ್ಳು ಲವ್ವು, ಮತ್ತು ನಮ್ಮ ಪಿಯುಸಿ ಮಕ್ಕಳು

ಮನೆಯಲ್ಲಿ ಹೈಸ್ಕೂಲಿಗೋ ಪಿಯುಸಿಗೋ ಹೋಗುವ ಹುಡುಗಿ ಇದ್ದರೆ 'ಟು ಆಲ್ ದ ಬಾಯ್ಸ್ ಐವ್ ಲವ್ಡ್ ಬಿಫೋರ್' ಅನ್ನೋ ಹೆಸರು ನಿಮ್ಮ ಕಿವಿಗೆ ಬಿದ್ದಿರುತ್ತದೆ. ಜೆನ್ನಿ ಹಾನ್ ಬರೆದ ಕಾದಂಬರಿ. 2014ರಲ್ಲಿ ಬಂತು. 2018ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ಆಗಿ ಬಂದ ಮೇಲೆ ಲೋಕವೆಲ್ಲಾ ಸುತ್ತಿತು. ಹೆಚ್ಚಿನವರು ನೋಡಿರುವುದು ಸಿನಿಮಾ. ನಾನು ಮಾತಾಡಬೇಕು ಅಂದ್ಕೊಂಡಿರುವುದು ಪುಸ್ತಕದ ಬಗ್ಗೆ.

ಮೊನ್ನೆ ಗೆಳತಿಯೊಬ್ಬಳು ಮಗಳ ಬ್ಯಾಗಿನಲ್ಲಿ ಇದನ್ನು ಕಂಡು, ಫೋಟೋ ತೆಗೆದು ಕಳಿಸಿ, "ಏನೇ ಇದು? ಕಿತ್ಕೊಳ್ಳಲಾ, ಬಿಡಲಾ?" ಅಂತ ಕೇಳಿದಳು. ಹೆಸರು ನೋಡಿದರೆ ಯಾವ ಅಮ್ಮನಿಗಾದರೂ ಎದೆ ಧಸಕ್ ಅನ್ನುತ್ತದೆ ಬಿಡಿ. "ಕಿತ್ಕೋಬೇಡ, ಅವಳು ಮುಗಿಸಿದ ಮೇಲೆ ನೀನೂ ಓದು" ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ಯಾಕೆ ಹಾಗಂದೆ ಅಂತ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅಮೆರಿಕದ ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸು. ನಮ್ಮ ಲೆಕ್ಕದಲ್ಲಿ ಒಂಬತ್ತನೇ ತರಗತಿಯಿಂದ ಸೆಕೆಂಡ್ ಪಿಯುಸಿವರೆಗೆ. ನಾಯಕಿ ಲಾರಾ ಜೀನ್‌ಗೆ ಹದಿನಾರು. ಹೆಚ್ಚು ಕಮ್ಮಿ ನಮ್ಮ ಫಸ್ಟ್ ಪಿಯುಸಿ ಹುಡುಗಿ. ವರ್ಜೀನಿಯಾ ರಾಜ್ಯದ ಶಾರ್ಲಟ್ಸ್‌ವಿಲ್ ಊರು. ಅಪ್ಪ ಬಿಳಿಯ, ಸ್ತ್ರೀರೋಗ ತಜ್ಞ. ಅಮ್ಮ ಕೊರಿಯನ್ ಮೂಲದವಳು, ಮಕ್ಕಳು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದಾಳೆ. ಅಕ್ಕ ಮಾರ್ಗೊ, ತಂಗಿ ಕಿಟ್ಟಿ. ಮನೆ ನಡೆಸೋದೆಲ್ಲಾ ಅಕ್ಕನೇ. ಆ ಅಕ್ಕ ಓದೋಕೆ ಸ್ಕಾಟ್‌ಲೆಂಡಿಗೆ ಹೊರಟು ನಿಲ್ಲುವಲ್ಲಿಗೆ ಕತೆ ಶುರು.

ಲಾರಾ ಜೀನ್‌ಗೆ ಒಂದು ಅಭ್ಯಾಸ. ಯಾರ ಮೇಲಾದರೂ ಮನಸ್ಸಾದರೆ ಅವನಿಗೊಂದು ಕಾಗದ ಬರೆಯುತ್ತಾಳೆ. ವಿಳಾಸವನ್ನೂ ಬರೆಯುತ್ತಾಳೆ. ಆದರೆ ಪೋಸ್ಟ್ ಮಾಡಲ್ಲ. ಅಮ್ಮ ಕೊಟ್ಟಿದ್ದ ಟೋಪಿ ಡಬ್ಬದಲ್ಲಿ ಮುಚ್ಚಿಡುತ್ತಾಳೆ. ಇಲ್ಲೊಂದು ಸೂಕ್ಷ್ಮ ಇದೆ. ಅವು ಪ್ರೇಮ ಶುರುವಾದಾಗ ಬರೆದವಲ್ಲ. ಈ ಹುಚ್ಚು ಬಿಡಬೇಕು, ಇನ್ನು ಸಾಕು ಅನ್ನಿಸಿದಾಗ ಬರೆದವು. ಮನಸ್ಸಿನಲ್ಲಿದ್ದದ್ದನ್ನೆಲ್ಲಾ ಕಕ್ಕಿ, ಅಂಟು ಹಚ್ಚಿ, ಕೈ ತೊಳೆದುಕೊಳ್ಳೋದು. ಅಂಥವು ಐದು. ಒಂದು ದಿನ ಐದೂ ಅಂಚೆಗೆ ಹೋಗಿಬಿಡುತ್ತವೆ.

ಐದರಲ್ಲಿ ಒಂದು ಪಕ್ಕದ ಮನೆಯ ಜೋಶ್‌ಗೆ. ಅವನು ಅಕ್ಕನ ಬಾಯ್‌ಫ್ರೆಂಡ್, ಅಂದರೆ ನಿನ್ನೆಮೊನ್ನೆಯ ತನಕ. ಕಾಲೇಜಿಗೆ ಹೋಗುವಾಗ ಬಾಯ್‌ಫ್ರೆಂಡ್ ಇಟ್ಟುಕೊಂಡು ಹೋಗಬಾರದು ಅಂತ ಅಮ್ಮ ಹಿಂದೆ ಹೇಳಿದ್ದ ಮಾತು ಹಿಡಿದು ಅಕ್ಕ ಅವನನ್ನು ಆಗಷ್ಟೇ ಬಿಟ್ಟಿದ್ದಾಳೆ. ಇನ್ನೊಂದು ಪೀಟರ್ ಕವಿನ್‌ಸ್ಕಿಗೆ. ಲಾಕ್ರಾಸ್ (ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಆಡುವ ಆಟ) ಆಡುವ, ಶಾಲೆಗೆಲ್ಲಾ ಬೇಕಾದ ಚಂದದ ಹುಡುಗ. ಜೋಶ್ ಕೈಗೆ ಸಿಕ್ಕಿಬೀಳುವ ಗಾಬರಿಯಲ್ಲಿ ಈ ಹುಡುಗಿ ಪೀಟರ್‌ನನ್ನು ಹಿಡಿದು ಎಲ್ಲರೆದುರು ಮುತ್ತು ಕೊಟ್ಟುಬಿಡುತ್ತಾಳೆ. ಆಮೇಲೆ ಇಬ್ಬರೂ ಕೂತು ಮಾತಾಡಿಕೊಳ್ಳುತ್ತಾರೆ. ಅವಳಿಗೆ ಜೋಶ್ ದೂರ ಇರಬೇಕು. ಪೀಟರ್‌ಗೆ, ತನಗೆ ಕೈಕೊಟ್ಟ ಹಳೇ ಗರ್ಲ್‌ಫ್ರೆಂಡ್ ಜೆನಿವೀವ್ ಹೊಟ್ಟೆ ಉರಿದುಕೊಳ್ಳಬೇಕು. ಸರಿ, ಸ್ವಲ್ಪ ದಿನ ಲವ್ ಮಾಡೋ ಹಾಗೆ ನಾಟಕ ಆಡೋಣ ಅಂತ ಒಪ್ಪಂದ. ಅದೂ ಬಾಯಿ ಮಾತಲ್ಲ, ಪೇಪರ್ ಮೇಲೆ ಬರೆದು!

ಮುಂದೇನಾಗುತ್ತೆ ಅಂತ ನಿಮಗೆ ಈಗಾಗಲೇ ಗೊತ್ತಾಯ್ತು ಅಲ್ವಾ? ಗೊತ್ತಾಗಲೇಬೇಕು. ಸುಳ್ಳು ಗಂಡ ಹೆಂಡತಿ ನಿಜವಾದ ಗಂಡ ಹೆಂಡತಿ ಆಗೋ ಕತೆಯನ್ನು ನಮ್ಮ ಕನ್ನಡ ಸೀರಿಯಲ್‌ಗಳು ವರ್ಷಗಟ್ಟಲೆ ಎಳೆದಿವೆ. ಅಗ್ರಿಮೆಂಟ್ ಮದುವೆ ಇಲ್ಲದ ಚಾನೆಲ್ ಹುಡುಕಿ ನೋಡೋಣ. ಆದರೆ ಅಲ್ಲಿ ಅಗ್ರಿಮೆಂಟಿನ ಹಿಂದೆ ಆಸ್ತಿ ಇರುತ್ತೆ, ತಾತನ ಹಾರ್ಟ್ ಆಪರೇಷನ್ ಇರುತ್ತೆ, ಮನೆ ಹರಾಜಿಗೆ ಬಂದಿರುತ್ತೆ. ಇಲ್ಲಿ ಇರೋದು ಏನು? ಪೀಟರ್ ದಿನಕ್ಕೊಂದು ಚೀಟಿ ಬರೆದುಕೊಡಬೇಕು. ಅವಳು ಅವನ ಜೊತೆ ಪಾರ್ಟಿಗೆ ಹೋಗಬೇಕು. ಗುಟ್ಟು ಯಾರಿಗೂ ಬಿಡಬಾರದು. ಇಷ್ಟೇ. ಈ ಪುಟ್ಟತನವೇ ಪುಸ್ತಕದ ಜೀವ. ಹದಿನಾರನೇ ವಯಸ್ಸಿನಲ್ಲಿ ದಿನಕ್ಕೊಂದು ಚೀಟಿ ಅನ್ನೋದು ನಿಜಕ್ಕೂ ದೊಡ್ಡ ವಿಷಯ. ಹಾನ್ ಅದನ್ನು ಗೇಲಿ ಮಾಡುವುದಿಲ್ಲ. ಹಾಗಂತ ಕಣ್ಣೀರಿನ ಕೋಡಿಯನ್ನೂ ಹರಿಸುವುದಿಲ್ಲ. ಹುಡುಗಿಯ ಪಕ್ಕದಲ್ಲಿ ಕೂತು, ಅವಳ ಜೊತೆಗೇ ನಗುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಲಾರಾ ಜೀನ್‌ಳ ಹೆದರಿಕೆ. ಕಾರು ಓಡಿಸೋಕೆ ಹೆದರುತ್ತಾಳೆ, ಅಕ್ಕ ಹೋದ ಮೇಲೆ ವಿಧಿಯಿಲ್ಲದೆ ಓಡಿಸಿ ಒಂದು ಕಡೆ ಗುದ್ದಿಸಿಯೂ ಬಿಡುತ್ತಾಳೆ. ಪಾರ್ಟಿಗಿಂತ ಮನೆಯಲ್ಲಿ ಕುಕೀಸ್ ಬೇಯಿಸೋದು ಅವಳಿಗೆ ಇಷ್ಟ. ಪ್ರೀತಿಯಲ್ಲೂ ಅಷ್ಟೇ. ಒಮ್ಮುಖ ಪ್ರೀತಿ ಅವಳಿಗೆ ಹಾಯಾಗಿದೆ. ಆ ಕಡೆಯವನಿಗೆ ಗೊತ್ತಿಲ್ಲದೇ ಇದ್ದರೆ ಅವನು ಬೇಡ ಅನ್ನೋದಿಲ್ಲ, ಬಿಟ್ಟೂ ಹೋಗೋದಿಲ್ಲ. ಅಮ್ಮನನ್ನು ಕಳೆದುಕೊಂಡ ಮಗು ಅದು. ಇರುವವರು ಇದ್ದಕ್ಕಿದ್ದ ಹಾಗೆ ಇಲ್ಲವಾಗಬಹುದು ಅಂತ ಅವಳಿಗೆ ಗೊತ್ತು. ಕಾಗದ ಬರೆದು ಡಬ್ಬದಲ್ಲಿಡುವ ಆಟದ ಹಿಂದೆ ಈ ಭಯ ಇದೆ. ಲೇಖಕಿ ಅದನ್ನು ಭಾಷಣ ಮಾಡಿ ಹೇಳುವುದಿಲ್ಲ. ಸುಮ್ನೆ ಕುಕೀಸ್ ಬೇಯಿಸೋ ಗಲಾಟೆಯ ನಡುವೆ ಅಲ್ಲಿಷ್ಟು ಇಲ್ಲಿಷ್ಟು ಕಾಣಿಸುತ್ತಾರೆ. ಅದಕ್ಕೇ ಆ ಒಪ್ಪಂದ ಅವಳಿಗೆ ಅಷ್ಟು ಸುಲಭ. ನಾಟಕ ತಾನೇ, ಏನೂ ಕಳೆದುಕೊಳ್ಳೋದಿಲ್ಲ ಅಂದ್ಕೊಳ್ಳುತ್ತಾಳೆ ಪಾಪ.

ಕಾಗದಗಳನ್ನು ಪೋಸ್ಟ್ ಮಾಡಿದ್ದು ಯಾರು ಅಂತ ಓದದವರಿಗಾಗಿ ಹೇಳಬಾರದು. ಆದರೆ ಪುಸ್ತಕ ಬಂದು ಇಷ್ಟು ವರ್ಷ ಆಯ್ತು, ಸಿನಿಮಾವೂ ಹಳೇದಾಯ್ತು, ಹೇಳಿಬಿಡುತ್ತೇನೆ. ಕಿಟ್ಟಿ. ಒಂಬತ್ತು ವರ್ಷದ ತಂಗಿ. ಕಾದಂಬರಿಯಲ್ಲಿ ಅದು ಸಿಟ್ಟು ತೀರಿಸಿಕೊಂಡ ಕೆಲಸ. ಲಾರಾ ಜೀನ್ ಜೋಶ್ ಎದುರು ಕಿಟ್ಟಿಯ ಗುಟ್ಟು ಬಿಟ್ಟು ರೇಗಿಸಿರುತ್ತಾಳೆ, ಕಿಟ್ಟಿ ಸರಿಯಾಗಿ ಬಡ್ಡಿ ಸಮೇತ ವಾಪಸ್ ಕೊಡುತ್ತಾಳೆ. ಸಿನಿಮಾದಲ್ಲಿ ಇದನ್ನು ಅಕ್ಕನಿಗೆ ಒಳ್ಳೇದಾಗಲಿ ಅಂತ ಮಾಡಿದ್ದು ಅಂತ ಮೆದುವಾಗಿಸಿದರು. ನನಗೆ ಪುಸ್ತಕದ ಕಿಟ್ಟಿಯೇ ಇಷ್ಟ. ಒಂದೇ ರೂಮಿನಲ್ಲಿ ಜಡೆ ಎಳೆದಾಡಿಕೊಂಡು ಬೆಳೆದ ಯಾರಿಗಾದರೂ ಆ ಸೇಡು ಅರ್ಥವಾಗುತ್ತದೆ.

ನಿಜ ಹೇಳಬೇಕೆಂದರೆ ಇದು ಪೀಟರ್ ಜೊತೆಗಿನ ಪ್ರೇಮಕತೆಗಿಂತ ಮೂವರು ಅಕ್ಕತಂಗಿಯರ ಕತೆ. ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ನೋಯುವ ಜಾಗ ಯಾವುದು ಗೊತ್ತಾ? ಹುಡುಗ ಬಿಟ್ಟು ಹೋಗುವುದಲ್ಲ. ಕ್ರಿಸ್‌ಮಸ್ ರಜೆಗೆ ಬಂದ ಮಾರ್ಗೊಗೆ ಜೋಶ್ ವಿಷಯ ಗೊತ್ತಾಗುವುದು. ಪುಸ್ತಕದಲ್ಲಿ ಜೋಶ್ ಮನಸ್ಸೂ ನಿಜಕ್ಕೂ ಈ ಕಡೆ ವಾಲಿರುತ್ತದೆ, ಅವನು ಲಾರಾ ಜೀನ್‌ಗೆ ಮುತ್ತನ್ನೂ ಕೊಟ್ಟಿರುತ್ತಾನೆ. ಸಿನಿಮಾದಲ್ಲಿ ಇದನ್ನು ಪೂರ್ತಿ ಎತ್ತಿಬಿಟ್ಟಿದ್ದಾರೆ. ಎತ್ತಿದ್ದರಿಂದ ಪೀಟರ್‌ಗೆ ದಾರಿ ಸಲೀಸಾಯ್ತು, ಅಕ್ಕತಂಗಿಯರ ಜಗಳದ ಖಾರ ಹೋಯ್ತು.

ಇನ್ನು ಹುಡುಗಿಯರ ಅಮ್ಮಂದಿರು ಗಮನವಿಟ್ಟು ಓದಬೇಕಾದ ಭಾಗ. ಶಾಲೆಯಿಂದ ಸ್ಕೀ ಟ್ರಿಪ್‌ಗೆ ಹೋಗುತ್ತಾರೆ. ಅಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಇಬ್ಬರೂ ಕೂತು ಮಾತಾಡುತ್ತಾರೆ, ಮುತ್ತು ಕೊಟ್ಟುಕೊಳ್ಳುತ್ತಾರೆ. ಅಷ್ಟೇ ನಡೆದದ್ದು. ವಾಪಸ್ ಬರುವ ಹೊತ್ತಿಗೆ ಶಾಲೆಯಲ್ಲೆಲ್ಲಾ ಬೇರೆಯದೇ ಸುದ್ದಿ. ಹುಡುಗನಿಗೆ ಭೇಷ್, ಹುಡುಗಿಗೆ ಛೀ. ಪೀಟರ್ ಅದನ್ನು ಕೂಡಲೇ ಅಲ್ಲಗಳೆಯಲ್ಲ, ಇವಳ ಸಿಟ್ಟು ಅದಕ್ಕೇ. ಎರಡನೇ ಪುಸ್ತಕ 'ಪಿ.ಎಸ್. ಐ ಸ್ಟಿಲ್ ಲವ್ ಯೂ' 2015ರಲ್ಲಿ ಬಂತು. ಅದರಲ್ಲಿ ಆ ರಾತ್ರಿಯ ವಿಡಿಯೋನೇ ಇನ್‌ಸ್ಟಾಗ್ರಾಂಗೆ ಬಂದುಬಿಡುತ್ತದೆ. ರೊಮ್ಯಾಂಟಿಕ್ ಕಾಮಿಡಿ ಅಂತ ಬರೆದುಕೊಂಡ ಪುಸ್ತಕ ಇಲ್ಲಿ ಸ್ವಲ್ಪ ಹೊತ್ತು ನಗೋದನ್ನು ನಿಲ್ಲಿಸುತ್ತದೆ. ಒಂದು ವಿಡಿಯೋ ಹುಡುಗಿಯ ಬದುಕಿಗೆ ಒಂದು ಥರ, ಹುಡುಗನ ಬದುಕಿಗೆ ಇನ್ನೊಂದು ಥರ ಯಾಕೆ ಅನ್ನೋ ಪ್ರಶ್ನೆ ಹದಿನಾರರ ಓದುಗರಿಗೆ ಸಿಗಬೇಕಾದದ್ದೇ. ನಮ್ಮ ಮಕ್ಕಳ ಕ್ಲಾಸಿನ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಏನೇನು ಓಡಾಡುತ್ತೆ ಅಂತ ನಮಗೆ ಪೂರ್ತಿ ಗೊತ್ತಿಲ್ಲ. ಗೊತ್ತಾದಾಗ ಮನೆಗೆ ಬಂದು ಹೇಳೋಕೆ ಮಗಳಿಗೆ ಧೈರ್ಯ ಇರಬೇಕಲ್ವಾ? ಲಾರಾ ಜೀನ್‌ಗೆ ಹೇಳಿಕೊಳ್ಳೋಕೆ ಅಕ್ಕ ಇದ್ದಾಳೆ, ಚೀರಾಡದ ಅಪ್ಪ ಇದ್ದಾನೆ. ಬಾಯ್‌ಫ್ರೆಂಡ್ ಅಂತ ಒಬ್ಬ ಮನೆಗೆ ಬಂದರೆ ಆ ಅಪ್ಪ ಕೂರಿಸಿ ಮಾತಾಡಿಸುತ್ತಾನೆ.

ಜೆನ್ನಿ ಹಾನ್ ಕೂಡ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಬೆಳೆದ ಕೊರಿಯನ್ ಅಮೆರಿಕನ್ ಹೆಣ್ಣುಮಗಳು. ಕತೆಯಲ್ಲಿ ಆ ಬೇರು ಗದ್ದಲವಿಲ್ಲದೆ ಇದೆ. ಅಪ್ಪ ಹೆಂಡತಿಯ ಊರಿನ ಅಡುಗೆ ಮಾಡೋಕೆ ಒದ್ದಾಡುತ್ತಾನೆ, ಮಕ್ಕಳಿಗೆ ಅಮ್ಮನ ಕಡೆಯದ್ದು ಮರೆತುಹೋಗಬಾರದು ಅಂತ. ಹ್ಯಾಲೋವೀನ್‌ಗೆ ವೇಷ ಹಾಕುವಾಗ ಲಾರಾ ಜೀನ್‌ಗೆ ಒಂದು ತಕರಾರು: ತನ್ನಂಥ ಮುಖದವಳು ಯಾವ ವೇಷ ಹಾಕಿದರೂ ಜನ ಜಪಾನಿ ಕಾಮಿಕ್ಸ್ ಪಾತ್ರ ಅಂದುಕೊಳ್ಳುತ್ತಾರಂತೆ. ಎರಡು ಸಾಲಿನ ಗೊಣಗಾಟ, ಅಷ್ಟೇ. ಇಡೀ ವರ್ಣಭೇದದ ಪಾಠ ಅಲ್ಲಿದೆ.

ಸಿನಿಮಾ ಮಾಡೋಕೆ ಬಂದವರಿಗೆ ಮಾತ್ರ ಆ ಮುಖವೇ ಬೇಡವಾಗಿತ್ತು. ಸಿನಿಮಾ ಬಂದ ಆಗಸ್ಟ್ 2018ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಲೇಖನದಲ್ಲಿ ಹಾನ್ ಇದನ್ನು ಹೇಳಿಕೊಂಡಿದ್ದಾರೆ. ಪುಸ್ತಕ ಬರುವ ಮೊದಲೇ ಸಿನಿಮಾದವರಿಗೆ ಆಸಕ್ತಿ ಇತ್ತಂತೆ. ನಾಯಕಿ ಏಷ್ಯನ್ ಅಮೆರಿಕನ್ ಹುಡುಗಿಯೇ ಆಗಬೇಕು ಅಂದ ಕೂಡಲೇ ಆಸಕ್ತಿ ಆರಿಹೋಯ್ತಂತೆ. ಪಾತ್ರದ ಒಳಗಿನ ಚೈತನ್ಯ ಬಂದರೆ ಸಾಕಲ್ವಾ, ಯಾವ ಜನಾಂಗದವಳಾದರೇನು ಅಂದ ನಿರ್ಮಾಪಕನಿಗೆ, ಆ ಚೈತನ್ಯವೇ ಏಷ್ಯನ್ ಅಮೆರಿಕನ್ ಅಂತ ಉತ್ತರ ಕೊಟ್ಟರಂತೆ. ಕೊನೆಗೆ ಒಪ್ಪಿದ್ದು ಒಂದೇ ಒಂದು ನಿರ್ಮಾಣ ಸಂಸ್ಥೆ. ಅವರಿಗೇ ಕೊಟ್ಟರು. ವಿಯೆಟ್ನಾಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಲಾನಾ ಕಾಂಡರ್ ಲಾರಾ ಜೀನ್ ಆದಳು, ನೋವಾ ಸೆಂಟಿನಿಯೊ ಪೀಟರ್ ಆದ. ಮಿಕ್ಕಿದ್ದು ನಿಮಗೆ ಗೊತ್ತು. 2020 ಮತ್ತು 2021ರಲ್ಲಿ ಇನ್ನೆರಡು ಸಿನಿಮಾ ಬಂದವು. 2023ರಲ್ಲಿ ಆ ತುಂಟಿ ಕಿಟ್ಟಿಗೇ ಒಂದು ಸರಣಿ ಆಯ್ತು. ಈ ಜಗಳದಲ್ಲಿ ಹಾನ್ ಸೋತು ಬಿಳಿ ನಾಯಕಿಗೆ ಒಪ್ಪಿದ್ದರೆ ಇದು ನೂರರಲ್ಲಿ ಒಂದು ಸಿನಿಮಾ ಆಗಿ ಮರೆತೇ ಹೋಗುತ್ತಿತ್ತು ಅನ್ನೋದು ನನ್ನ ಅನಿಸಿಕೆ.

ಮೂರನೇ ಪುಸ್ತಕ 2017ರದ್ದು, 'ಆಲ್ವೇಸ್ ಅಂಡ್ ಫಾರೆವರ್, ಲಾರಾ ಜೀನ್'. ಮೂರರಲ್ಲಿ ನನಗೆ ಇದೇ ಒಂದು ಕೈ ಮೇಲು. ಯಾಕಂದ್ರೆ ಇಲ್ಲಿ ವಿಷಯ ಕಾಲೇಜ್ ಸೀಟು. ಪೀಟರ್‌ಗೆ ತಮ್ಮೂರಿನ ಯೂನಿವರ್ಸಿಟಿ ಆಫ್ ವರ್ಜೀನಿಯಾದಲ್ಲೇ ಲಾಕ್ರಾಸ್ ಸ್ಕಾಲರ್‌ಶಿಪ್. ಇವಳೂ ಅಲ್ಲೇ ಹೋಗಬೇಕು ಅಂತ ಕನಸು ಕಂಡಿರುತ್ತಾಳೆ. ಸೀಟು ಸಿಗಲ್ಲ. ಇನ್ನೊಂದು ಕಾಲೇಜು ಒಪ್ಪಿಕೊಂಡು, ಒಂದು ವರ್ಷ ಕಳೆದು ಇತ್ತ ಬಂದುಬಿಡೋಣ ಅಂತ ಲೆಕ್ಕ ಹಾಕುವಾಗ ನಾರ್ತ್ ಕೆರೊಲಿನಾದ, ಯೂನಿವರ್ಸಿಟಿ ಇರುವ ಚಾಪೆಲ್ ಹಿಲ್ ನೋಡಿ ಬರುತ್ತಾಳೆ. ಊರು ಮನಸ್ಸಿಗೆ ಹಿಡಿಸಿಬಿಡುತ್ತದೆ. ಹುಡುಗ ಇಲ್ಲದ ಊರು. ಹಾನ್ ಸ್ವತಃ ಓದಿದ್ದು ಅದೇ ಚಾಪೆಲ್ ಹಿಲ್‌ನಲ್ಲಿ, ಆ ಪುಟಗಳಲ್ಲಿ ಅದು ಗೊತ್ತಾಗುತ್ತದೆ. ಸಿನಿಮಾದವರು ಇದನ್ನು ಸ್ಟ್ಯಾನ್‌ಫರ್ಡ್, ನ್ಯೂಯಾರ್ಕ್ ಅಂತ ದೇಶದ ಈ ತುದಿಯಿಂದ ಆ ತುದಿಗೆ ಎಳೆದುಬಿಟ್ಟರು. ಪುಸ್ತಕದ ದೂರ ಕಾರಿನಲ್ಲಿ ಮೂರು ಗಂಟೆ. ಅದೇ ಚೆಂದ. ಕಾರು ಓಡಿಸೋಕೆ ನಡುಗುವ ಹುಡುಗಿಗೆ ಮೂರು ಗಂಟೆಯ ಹೈವೇ ಸಾಕಷ್ಟು ದೊಡ್ಡ ಸಮುದ್ರ.

ಹಾಗಂತ ಎಲ್ಲಾ ಚೆನ್ನಾಗಿದೆ ಅಂತಲ್ಲ. ಜೆನಿವೀವ್ ಒಳಗೆ ಏನಿದೆ ಅಂತ ಮೊದಲ ಪುಸ್ತಕ ತಲೆ ಕೆಡಿಸಿಕೊಂಡೇ ಇಲ್ಲ. ಬರೀ ಕೆಟ್ಟವಳು. ಈ ಊರಲ್ಲಿ ದುಡ್ಡಿನ ಚಿಂತೆ ಅನ್ನೋದು ಯಾರಿಗೂ ಇಲ್ಲ. ಹದಿನಾರಕ್ಕೇ ಎಲ್ಲರ ಕೈಯಲ್ಲೂ ಕಾರು. ಪೀಟರ್ ತನ್ನ ತಪ್ಪುಗಳಿಗೆ ತೀರಾ ಬೇಗ ಕ್ಷಮೆ ಗಿಟ್ಟಿಸುತ್ತಾನೆ, ಚಂದ ಇದ್ದಾನೆ ಅನ್ನೋ ಒಂದೇ ಕಾರಣಕ್ಕೆ. ಮೊದಲ ಪುಸ್ತಕ ಕೊನೆಯಲ್ಲಿ ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ, ಎರಡನೆಯದನ್ನು ಕೊಳ್ಳಿ ಅನ್ನೋ ಹಾಗೆ. ಕೊಂಡೆ, ಬೇರೆ ಮಾತು.

ಈಗ ನಮ್ಮ ಕಡೆ ಬರೋಣ. ಈ ಪುಸ್ತಕ ಓದುವಾಗೆಲ್ಲಾ ನನ್ನನ್ನು ಕಾಡಿದ್ದು ಒಂದೇ: ಹದಿನಾರರ ಪ್ರೀತಿ ನಮ್ಮಲ್ಲಿ ಯಾಕೆ ಯಾವಾಗಲೂ ಗಂಡಾಂತರವೇ? ಸಿನಿಮಾ ತೆಗೆದುಕೊಳ್ಳಿ, ಓಡಿಹೋಗುತ್ತಾರೆ, ಯಾರೋ ಮಚ್ಚು ಹಿಡಿದು ಬರುತ್ತಾರೆ, ಕೊನೆಗೆ ರೈಲ್ವೆ ಹಳಿ ಇಲ್ಲವೇ ಬಾವಿ. ಪೇಪರ್ ತೆಗೆದರೆ ನಿಜವಾಗಿಯೂ ಹಾಗೇ ಇರುತ್ತದೆ, ಜಾತಿಯ ಹೆಸರಿನಲ್ಲಿ ಹೆತ್ತವರೇ ಕೊಂದ ಸುದ್ದಿ. ಅದನ್ನು ಬರೆಯಲೇಬೇಕು, ಬರೆಯಬೇಡಿ ಅನ್ನೋಕೆ ನಾನ್ಯಾರು. ಹದಿನಾರರ ಪ್ರೀತಿ ದೈಹಿಕ ಸಂಬಂಧದ ತನಕ ಹೋದರೆ ಕಾನೂನಿನ ಕಣ್ಣಿಗೂ ಅದು ಕ್ರೈಮೇ. 2012ರ ಪೋಕ್ಸೋ ಕಾಯ್ದೆಯಲ್ಲಿ ಹದಿನೆಂಟರ ಒಳಗಿನವರೆಲ್ಲಾ ಮಕ್ಕಳು. ಮಕ್ಕಳ ರಕ್ಷಣೆಗೆ ಅದು ಬೇಕೇ ಬೇಕು. ಆದರೆ ಹದಿನಾರು ಹದಿನೇಳರ ಪ್ರೀತಿಯೂ ಅದೇ ಬಲೆಗೆ ಬಿದ್ದು ಹುಡುಗ ಜೈಲಿಗೆ ಹೋಗುತ್ತಾನೆ. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಇಂಥದ್ದೇ ಒಂದು ಕೇಸಿನಲ್ಲಿ, ನೆಲದ ವಾಸ್ತವ ನೋಡಿ ಒಪ್ಪಿಗೆಯ ವಯಸ್ಸಿನ ಮಿತಿ ಬಗ್ಗೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. 2023ರಲ್ಲಿ ಆಯೋಗ, ಹದಿನೆಂಟನ್ನು ಇಳಿಸಬೇಡಿ ಅಂತ ವರದಿ ಕೊಟ್ಟಿತು. ವಾದ ಎರಡೂ ಕಡೆ ಇದೆ, ಇಲ್ಲಿ ತೀರ್ಪು ಕೊಡೋಕೆ ಹೋಗಲ್ಲ. ನನ್ನ ತಕರಾರು ಸಣ್ಣದು. ಪೊಲೀಸ್ ಸ್ಟೇಷನ್ನೂ ಸ್ಮಶಾನವೂ ಇಲ್ಲದ ಕತೆಯನ್ನೂ ನಮ್ಮ ಮಕ್ಕಳಿಗೆ ಯಾರಾದರೂ ಹೇಳಬೇಕಲ್ಲ. ಹದಿನಾರಕ್ಕೆ ಒಬ್ಬನ ಮೇಲೆ ಮನಸ್ಸಾಗಿ, ಪೆದ್ದುಪೆದ್ದಾಗಿ ಏನೋ ಮಾಡಿ, ನಾಚಿಕೆಪಟ್ಟು, ಅಕ್ಕನ ಹತ್ತಿರ ಅತ್ತು, ಮಾರನೇ ದಿನ ಎದ್ದು ಕಾಲೇಜಿಗೆ ಹೋಗೋದು. ನಮ್ಮಲ್ಲಿ ಬಹಳಷ್ಟು ಜನರಿಗೆ ಆಗಿರೋದು ಇಷ್ಟೇ ತಾನೇ?

ನಮ್ಮ ಕಾಲದಲ್ಲಿ ನಾವು ಇಂಥದ್ದನ್ನು ಎಲ್ಲಿ ಓದಿದೆವು? ಅಮ್ಮ, ಚಿಕ್ಕಮ್ಮ ಓದಿಟ್ಟ ಸುಧಾ, ತರಂಗದ ಧಾರಾವಾಹಿಗಳಲ್ಲಿ. ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು. ಅಲ್ಲಿನ ನಾಯಕಿ ಡಿಗ್ರಿ ಮುಗಿಸಿದವಳು, ಲೆಕ್ಚರರ್ರು, ಇಲ್ಲಾ ಹೊಸದಾಗಿ ಮದುವೆಯಾದವಳು. ಪ್ರೀತಿ ಶುರುವಾದರೆ ಛತ್ರ ಬುಕ್ ಆಗೋ ತನಕ ನಿಲ್ಲುತ್ತಿರಲಿಲ್ಲ. ನಾವು ಹತ್ತನೇ ಕ್ಲಾಸಿನವರು ಅವಳ ಸೀರೆ ಉಟ್ಟುಕೊಂಡು ಓದಬೇಕಿತ್ತು. ನಮ್ಮದೇ ಯೂನಿಫಾರಂ ಹಾಕಿದ ನಾಯಕಿ ಸಿಕ್ಕಿದ್ದು ಕಮ್ಮಿ.

ಈಗಲೂ ಅಷ್ಟೇ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ, 2011ರಿಂದ ಯುವ ಪುರಸ್ಕಾರ ಕೊಡುತ್ತಿದೆ. ಯುವ ಪುರಸ್ಕಾರ ಇರೋದು ಮೂವತ್ತೈದರ ಒಳಗಿನ ಬರಹಗಾರರಿಗೆ. ಹದಿನಾರರ ಓದುಗರಿಗೆ ಅಂತ ಬರೆದ ಪುಸ್ತಕ ಇದರಲ್ಲಿ ಯಾವ ಬುಟ್ಟಿಗೆ? ಮಕ್ಕಳ ಪುಸ್ತಕದ ಆನೆ, ಮೊಲ ಮುಗಿದ ಮೇಲೆ ನೇರವಾಗಿ ದೊಡ್ಡವರ ಕಾದಂಬರಿಗೆ ಹಾರಬೇಕು. ನಡುವಿನ ಜಾಗದಲ್ಲಿ ಕನ್ನಡ ಪುಸ್ತಕ ಬೆರಳೆಣಿಕೆಯಷ್ಟು. ಅದಕ್ಕೇ ಇಂಗ್ಲಿಷ್ ಓದಬಲ್ಲ ಮಕ್ಕಳು ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಹೋಗಿ ಹಳೇ ಪುಸ್ತಕದ ರಾಶಿಯಿಂದ ಲಾರಾ ಜೀನ್‌ಳನ್ನು ಎತ್ತಿಕೊಂಡು ಬರುತ್ತವೆ. ಕನ್ನಡ ಮಾತ್ರ ಓದುವ ಮಕ್ಕಳು ರೀಲ್ಸ್ ನೋಡುತ್ತವೆ. ಆಮೇಲೆ ನಾವು ವೇದಿಕೆ ಹತ್ತಿ, ಈಗಿನ ಮಕ್ಕಳು ಓದೋದೇ ಇಲ್ಲ ಅಂತ ಮೈಕ್ ಹಿಡಿದು ಗೋಳಾಡುತ್ತೇವೆ.

ಯಾರಾದರೂ ಬರೆಯಿರಿ ಮಾರಾಯ್ರೆ. ಲಾಕ್ರಾಸ್ ಬೇಡ, ಸ್ಕೀ ಟ್ರಿಪ್ಪೂ ಬೇಡ. ತುಮಕೂರಿನದ್ದೋ ಶಿರಸಿಯದ್ದೋ ಒಂದು ಪಿಯು ಕಾಲೇಜು ಸಾಕು. ಬೆಳಗ್ಗೆ ಐದೂವರೆಗೆ ಫಿಸಿಕ್ಸ್ ಟ್ಯೂಷನ್ನು. ಕೆಂಪು ಬಸ್ಸಿನಲ್ಲಿ ಅವನು ಹತ್ತುವ ಸ್ಟಾಪು. ಡ್ರಾಯಿಂಗ್ ಮಾಡಿಕೊಡಲಿ ಅಂತ ಕೊಟ್ಟ ಕೆಮಿಸ್ಟ್ರಿ ರೆಕಾರ್ಡ್ ಬುಕ್ಕಿನೊಳಗೆ ತಪ್ಪಿ ಉಳಿದುಹೋದ ಒಂದು ಚೀಟಿ, ಅದು ಸೀದಾ ಲ್ಯಾಬ್ ಮೇಡಂ ಟೇಬಲ್ ಸೇರೋದು. ಅಕ್ಕನ ಫೋನ್ ಕದ್ದು ಮಾಡಿದ ಮೆಸೇಜಿಗೆ ಭಾವ ರಿಪ್ಲೈ ಮಾಡಿಬಿಡೋದು. ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ಉಪ್ಪಿಟ್ಟು ಬಡಿಸೋಕೆ ಜೊತೆಗೆ ನಿಂತಿದ್ದಕ್ಕೇ ಇಡೀ ಕಾಲೇಜು ಜೋಡಿ ಕಟ್ಟಿದ್ದು. ಸರಕು ಎಷ್ಟು ಬೇಕು? ಜಾತಿ ಬರಲಿ, ಬರದೇ ಇರೋಕೆ ಸಾಧ್ಯವಿಲ್ಲ. ದುಡ್ಡಿಲ್ಲದ್ದೂ ಬರಲಿ. ಅಪ್ಪ ಒಂದೆರಡು ಸಲ ಕೂಗಾಡಲಿ, ಅದೂ ನಮ್ಮದೇ ತಾನೇ. ಆದರೆ ಕತೆ ಮುಗಿಯುವಾಗ ಯಾರೂ ಸತ್ತಿರಬಾರದು. ಯಾರನ್ನೂ ಓದು ಬಿಡಿಸಿ ಮದುವೆ ಮಾಡಿಸಿರಬಾರದು. ಹಾಗೇ ದಯವಿಟ್ಟು ಯಾರೂ ಸೆಕೆಂಡ್ ಪಿಯುಸಿ ಫೇಲಾಗಿ, ಓದೋ ವಯಸ್ಸಲ್ಲಿ ಲವ್ ಮಾಡಬಾರದಿತ್ತು ಅಂತ ಕೊನೇ ಪುಟದಲ್ಲಿ ಬುದ್ಧಿ ಕಲಿಯಲೂಬಾರದು. ಫಸ್ಟ್ ಕ್ಲಾಸಲ್ಲಿ ಪಾಸಾಗಲಿ, ಇಬ್ಬರೂ.